ಮೂರು ತಿಂಗಳ ನೆರವು

ಮನೆ ಮಾಲೀಕರು ಒಳಗೆ ಬಂದದ್ದನ್ನು ಕಂಡದ್ದೇ ತಡ, ಹೊಲಿಗೆಯವಳು ಅರ್ಜಿಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಅದು ಬಾಡಿಗೆ ನೆರವಿನ ಕಚೇರಿ. ಕೈಸೋತವರ ಸೂರು ತಪ್ಪದಿರಲೆಂದು ಮೂರು ತಿಂಗಳ ಬಾಡಿಗೆ ಕೊಡುತ್ತಾರೆ. ಅಲ್ಲಿ ಬಾಡಿಗೆದಾರರಿಗೆ ಕೆಲಸವುಂಟು, ಮಾಲೀಕರಿಗೇನು?

ಗಾರ್ಮೆಂಟ್ಸ್ ಮುಚ್ಚಿದಂದಿನಿಂದ ಅವಳು ಬಾಡಿಗೆ ಕೊಟ್ಟಿರಲಿಲ್ಲ. ಒಂದನೇ ತಾರೀಖು ಬೆಳಗ್ಗೆ ಏಳಕ್ಕೇ ಬಾಗಿಲು ಬಡಿಯುತ್ತಿದ್ದ ಮನುಷ್ಯ. ಮಗಳು ಅವರಿಗೆ 'ಅಲಾರಾಂ ಅಜ್ಜ' ಎಂದೇ ಹೆಸರಿಟ್ಟಿದ್ದಳು. ಈಗ ಮೂರು ತಿಂಗಳಿಂದ ತುಟಿ ಬಿಚ್ಚಿಲ್ಲ. ಬೊಗಳದ ನಾಯಿಗೇ ಹೆದರಬೇಕು.

ಅರ್ಜಿಯಲ್ಲಿ ಅವಳು 'ಬೇರೆ ಆದಾಯ ಇಲ್ಲ' ಎಂದು ಬರೆದಿದ್ದಳು. ಹರಿದ ಬಟ್ಟೆ ಹೊಲಿದು ನಾಲ್ಕು ಕಾಸು ಸಂಪಾದಿಸುವುದು ಕೆಳಮನೆಯಲ್ಲಿರುವ ಅವರಿಗೆ ಮೇಲಿನ ಅವಳ ಮನೆಯ ಮಿಷನ್ ಸದ್ದಿನಿಂದಲೇ ಗೊತ್ತು. ಅವರು ಒಂದು ಮಾತಾಡಿದರೆ ಸಾಕು, ತಾಯಿ ಮಗಳು ಬೀದಿಪಾಲು.

ಅವರು ಪಕ್ಕದಲ್ಲೇ ಬಂದು ಕೂತರು.

"ನೀನೂ ಇಲ್ಲಿದ್ಯಾ," ಎಂದರು, ನೆಲ ನೋಡುತ್ತ.

"ಬರ್ಬೇಕಾಯ್ತು."

"ನಾನು ಬಂದಿದ್ದು ಬೀದೀಲಿ ಯಾರಿಗೂ ಹೇಳ್ಬೇಡಮ್ಮ."

ಬೆನ್ನಿಗೆ ಚೂರಿ ಹಾಕುವವರಿಗೆ ಮಾನದ ಚಿಂತೆ ಬೇರೆ, ಎಂದುಕೊಂಡಳು. ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನೀರು ಕುಡಿದಳು. ಗೋಡೆಯ ಸೂಚನೆಯನ್ನು ಮೂರು ಸಲ ಓದಿದಳು, ಒಂದಕ್ಷರವೂ ತಲೆಗೆ ಹತ್ತಲಿಲ್ಲ. ತಡೆಯಲಾರದೆ ವಾಪಸು ಬಂದು ಕೇಳಿಯೇಬಿಟ್ಟಳು.

"ನನ್ನ ಮಿಷನ್ ವಿಷ್ಯ ಹೇಳ್ತೀರಾ?"

"ಯಾವ ಮಿಷನ್? ನಂಗೆ ಕಿವಿ ಮಂದ."

ಸೂಜಿ ಬಿದ್ದರೂ ಕೇಳುವ ಕಿವಿ ಅದು. ಹಂಗಿಸುತ್ತಿದ್ದಾರೆ, ಎಂದುಕೊಂಡಳು.

ಅಷ್ಟರಲ್ಲಿ ಗುಮಾಸ್ತೆ ಅವರನ್ನೇ ಕರೆದಳು. ಅವರು ಬಾಯಿ ಬಿಡುವ ಮೊದಲು ತಾನೇ ತಪ್ಪೊಪ್ಪಿಕೊಂಡರೆ ಉಳಿದುಕೊಂಡೇನು ಎಂದು ಹೊಲಿಗೆಯವಳು ಹಿಂದೆಯೇ ಹೋಗಿ ನಿಂತಳು. ಅವರು ತಿರುಗಿ ನೋಡಲಿಲ್ಲ.

"ನೀವು ಮಾಲೀಕರಲ್ವಾ?" ಗುಮಾಸ್ತೆ ಕಾಗದಪತ್ರ ತಿರುವುತ್ತ ಕೇಳಿದಳು.

"ಆಗಿದ್ದೆ. ಹೆಂಡ್ತಿ ಆಸ್ಪತ್ರೆ ಖರ್ಚಿಗೆ ಹೋದ ವರ್ಷ ಮನೆ ಮಾರ್ದೆ. ಈಗ ಕೆಳಮನೇಲಿ ಬಾಡಿಗೆಗಿದೀನಿ. ಮೇಲಿನ ಮನೆ ಬಾಡಿಗೇನೂ ನಾನೇ ತಗೊಂಡು ಹೊಸ ಮಾಲೀಕ್ರಿಗೆ ಮುಟ್ಟಿಸ್ತೀನಿ."

"ಪೆನ್ಷನ್ ಬರತ್ತಲ್ಲ. ಮತ್ತೆ ಮೂರು ತಿಂಗಳಿಂದ ನಿಮ್ಮ ಬಾಡಿಗೆ ಯಾಕೆ ಕಟ್ಟಿಲ್ಲ?"

ಅವರು ದನಿ ತಗ್ಗಿಸಿದರು.

"ಮೇಲಿನ ಮನೆಯವ್ರದ್ದು ಕಟ್ಬಿಟ್ಟೆ."