ಮಂಚದ ಬಳಿ ಪಾಳಿ ಬದಲು

ಪಾಳಿ ಬದಲಾಗುವಾಗ ನರ್ಸ್‌ಗಳು ರೋಗಿಗಳ ವಿವರವನ್ನು ತಮ್ಮ ಮೇಜಿನ ಹತ್ತಿರವಲ್ಲ, ಒಬ್ಬೊಬ್ಬರ ಮಂಚದ ಬಳಿಯೇ ನಿಂತು ಒಪ್ಪಿಸಬೇಕೆಂಬ ಹೊಸ ಪದ್ಧತಿ ಆಸ್ಪತ್ರೆಗೆ ಬಂದು ವಾರವಾಗಿತ್ತು. ಅದು ಹೇಗೆ ನಡೆದಿದೆಯೆಂದು ನೋಡಲು ಅಂದು ಮೇಡಂ ಒಬ್ಬರು ಫಾರಂ ಹಿಡಿದು ಬಂದಿದ್ದರು.

ನೀಲವ್ವ ವಾರ್ಡಿನ ಬಾಗಿಲಲ್ಲೇ ನರ್ಸ್ ಸುಲೋಚನಾಳ ಕೈ ಹಿಡಿದಳು. "ಯವ್ವಾ, ನಮ್ಮ ಮನಿಯವರ ಮುಂದ ಆ ಕ್ಯಾನ್ಸರ್ ಮಾತು ಎತ್ತಬ್ಯಾಡ. ಸೂಜಿ ಕಂಡ್ರ ಕಣ್ಣ ಮುಚ್ಚೋ ಮನಷ್ಯಾ, ಎದಿ ಒಡಕೊಂಡ ಹೋಗ್ತಾರ."

"ವಾರದಿಂದ ನುಂಗಿಕೋತನ ಬಂದೇನಿ ಬೇ. ಇವತ್ತ ಮೇಡಂ ಪಕ್ಕದಾಗ ನಿಂತಿರ್ತಾರ, ಒಂದು ಮಾತು ಬಿಟ್ರೂ ಕೇಳ್ತಾರ."

"ನಿನ್ನ ಕಾಲ ಬೀಳ್ತೀನಿ."

ಮಂಚದ ಬಳಿ ಸುಲೋಚನಾ ಮುಂದಿನ ಪಾಳಿಯ ನರ್ಸ್‌ಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಫಕೀರಪ್ಪ, ವಯಸ್ಸು ಅರವತ್ತೆರಡು, ಬಿಪಿ ಸರಿಯಿದೆ, ಜ್ವರವಿಲ್ಲ, ಸಂಜೆಗೆ ಇನ್ನೊಂದು ಬಾಟಲಿ ಸಲೈನ್.

"ಕಾಯಿಲೆ?" ಮೇಡಂ ಪೆನ್ನು ಎತ್ತಿದರು.

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೊಟ್ಟಿನೋವು ರೀ," ಎಂದಳು ಸುಲೋಚನಾ, ನೆಲ ನೋಡುತ್ತ.

ಮೇಡಂ ಅವಳನ್ನೊಮ್ಮೆ, ನೀಲವ್ವನನ್ನೊಮ್ಮೆ ನೋಡಿದರು. ಏನೂ ಬರೆಯದೆ ರೋಗಿಯ ಕಡೆ ತಿರುಗಿದರು. "ಯಜಮಾನ್ರ, ಈ ಹೊಸ ಪದ್ಧತಿ ನಿಮಗ ಹೆಂಗ ಅನಸ್ತು?"

"ಮೊದಲಿನದ ಚಲೋ ಇತ್ರಿ," ಎಂದ ಫಕೀರಪ್ಪ. "ಆ ಮೇಜಿನ ಹತ್ರ ನಿಂತು ಜೋರಾಗಿ ಮಾತಾಡತಿದ್ರು, ನನ್ನ ಕ್ಯಾನ್ಸರ್ ಎಲ್ಲಿಗೆ ಬಂತು ಅಂತ ಇಲ್ಲಿತನಕ ಕೇಳತಿತ್ತು."