ದಿಬ್ಬದ ಎಡಬಲ

"ಇನ್ನೊಂದು ಗಂಟೆ ಇಲ್ಲಿ ಯಾರೂ ಜಗಳ ಆಡೋ ಹಾಗಿಲ್ಲ," ಎನ್ನುತ್ತ ಮುದುಕಿ ಇಸಿದೋರ ಮಣ್ಣಿನ ದಿಬ್ಬದ ಮೇಲೆ ಹೂವಿನ ಶಿಲುಬೆ ನೆಟ್ಟು, ಮಕ್ಕಳಿಬ್ಬರನ್ನೂ ಅದರ ಎಡಬಲಕ್ಕೆ ಕೂರಿಸಿದಳು. "ಪಚಮಂಕದ ಮುಂದೆ ಬಾಯಿ ಮಾಡಿದ್ರೆ ಭೂಮಿತಾಯಿ ಮುನಿಸ್ಕೋತಾಳೆ. ಇಟ್ಟಿದ್ದನ್ನ ಹಸಿಹಸಿಯಾಗೇ ವಾಪಸ್ ಕೊಡ್ತಾಳೆ."

ಹಿರಿಮಗ ಫೌಸ್ತೊ ದಿಬ್ಬದ ಮಣ್ಣನ್ನು ಮತ್ತೆ ಮತ್ತೆ ತಟ್ಟಿ ನೋಡುತ್ತಿದ್ದ. ದಿಬ್ಬದ ಕೆಳಗಿನ ಹೊಂಡದಲ್ಲಿ, ಪಚಮಂಕವೆಂಬ ಆ ನೆಲದೊಲೆಯ ಕಾದ ಕಲ್ಲುಗಳ ನಡುವೆ, ಹಂದಿ ಮಾಂಸ, ಕುರಿ ಮಾಂಸ, ಆಲೂಗಡ್ಡೆ, ಹಸಿ ಕಾಳು, ಜೋಳದ ಕಡುಬು ಬೇಯುತ್ತಿದ್ದವು. ಉಣ್ಣಲು ರಾಜಧಾನಿ ಲಿಮಾದಿಂದ ಬೆಟ್ಟ ಹತ್ತಿ ಬಂದ ಮೂವತ್ತು ಜನ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಊರೂರು ಸುತ್ತಿ ಉಣ್ಣುವುದೇ ಅವರಿಗೆ ಯಾತ್ರೆ. ರುಚಿ ಹತ್ತಿದರೆ ತಿಂಗಳಿಗೊಂದು ತಂಡ ಈ ಊರಿಗೆ, ಹಸಿ ಉಳಿದರೆ ಪಕ್ಕದೂರಿಗೆ. ಕಲ್ಲು ಆರುವ ಮೊದಲೇ ಎಲ್ಲವನ್ನೂ ಹೂಳಲು ಪಳಗಿದ ಕೈಗಳು ಎರಡು ಜೊತೆ ಬೇಕು. ಅಮ್ಮನ ಒತ್ತಾಯಕ್ಕೆ ಮಣಿದು ಅವನು ತಮ್ಮ ನಿಕಾನೋರ್‌ನನ್ನು ಕರೆಸಿದ್ದ. ಇಬ್ಬರ ಹೊಲಗಳ ಗಡಿಯಲ್ಲಿದ್ದ ನೀಲಗಿರಿ ಮರವನ್ನು ಫೌಸ್ತೊ ಕಡಿದ ದಿನದಿಂದ, ಏಳು ವರ್ಷ, ಇಬ್ಬರಿಗೂ ಮಾತಿರಲಿಲ್ಲ.

ಆದರೂ ನಾಲ್ಕೇ ನಿಮಿಷದಲ್ಲಿ ಹೊಂಡ ತುಂಬಿತ್ತು. ಒಬ್ಬ ಕೈ ಚಾಚುವಷ್ಟರಲ್ಲಿ ಇನ್ನೊಬ್ಬ ಕಲ್ಲು ಇಟ್ಟಾಗಿರುತ್ತಿತ್ತು.

"ಕಲ್ಲು ಚೆನ್ನಾಗಿ ಕಾದಿದ್ವು," ಎಂದ ತಮ್ಮ, ದಿಬ್ಬವನ್ನೇ ನೋಡುತ್ತ.

"ಹೂಂ. ಕಟ್ಟಿಗೆ ಒಣಗಿತ್ತು."

"ಯಾವ ಮರದ್ದು?"

ಸುತ್ತ ನಿಂತಿದ್ದ ಊರವರು ಇಬ್ಬರ ಕಡೆಗೂ ತಿರುಗಿದರು. ಮುದುಕಿ ಕೆಮ್ಮಿದಳು.

"ನೀಲಗಿರಿದು," ಎಂದ ಫೌಸ್ತೊ, ಸುಳ್ಳು ಹೇಳಲಾಗದೆ.

ನಿಕಾನೋರ್‌ನ ಕಣ್ಣು ದಿಬ್ಬದಿಂದ ಅಣ್ಣನತ್ತ ಹೊರಳಿತು. ನಾಲಿಗೆ ತುದಿಗೆ ಬಂದದ್ದನ್ನು ಹೇಗೋ ನುಂಗಿಕೊಂಡು, "ಒಳ್ಳೇ ಮರ," ಎಂದ.

ಫೌಸ್ತೊಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ದಿಬ್ಬದ ಒಂದು ಮಗ್ಗುಲಿನಿಂದ ಹಬೆ ಬುಸ್ಸೆಂದಿತು. ಇಬ್ಬರೂ ಮಣ್ಣು ಬಾಚಿಕೊಂಡು ಅದನ್ನು ಮುಚ್ಚಲು ಒಟ್ಟಿಗೇ ಹಾರಿದರು, ತಲೆಗೆ ತಲೆ ಢಿಕ್ಕಿ ಹೊಡೆಯಿತು.

"ಅಪ್ಪ ಇದ್ದಿದ್ರೆ ಇಬ್ರಿಗೂ ಬಾರಿಸ್ತಿದ್ದ," ಎಂದ ತಮ್ಮ ಹಣೆ ಉಜ್ಜಿಕೊಳ್ಳುತ್ತ.

"ನಿಂಗೆ ಎರಡು ಜಾಸ್ತಿ ಬೀಳ್ತಿತ್ತು."

"ನಂಗ್ಯಾಕೋ ಜಾಸ್ತಿ? ಆಲೂಗಡ್ಡೆ ಕದ್ದು ಸುಟ್ಕೊಂಡು ತಿಂತಿದ್ದವನು ನೀನು."

ಅಲ್ಲಿಂದ ಮಾತು ಬಾಲ್ಯಕ್ಕೆ ಹೋಯಿತು, ಬಾಲ್ಯದಿಂದ ನಿಕಾನೋರ್‌ನ ಮಗಳಿಗೆ ಬಂತು. ಅವಳಿಗೆ ಆರು ವರ್ಷ. ದೊಡ್ಡಪ್ಪ ಅವಳ ಮುಖವನ್ನೇ ನೋಡಿರಲಿಲ್ಲ.

ಗಂಟೆ ತುಂಬಿತು. ಮುದುಕಿ ಮೂಲೆಯ ಮಣ್ಣು ಸರಿಸಿ, ಕೆಳಗೆ ಹೊದಿಸಿದ್ದ ಗೋಣಿ ಎತ್ತಿ, ಒಂದು ಆಲೂಗಡ್ಡೆ ತೆಗೆದು ಬಾಯಿಗಿಟ್ಟುಕೊಂಡಳು. ಲಿಮಾದವರು ತಟ್ಟೆ ಹಿಡಿದು ಎದ್ದುನಿಂತರು.

"ಬೆಂದಿದೆಯಾ ಅಮ್ಮ?" ಫೌಸ್ತೊ ಮುಂದೆ ಬಾಗಿ ಕೇಳಿದ.

ಅವಳು ಅಗಿಯುತ್ತಲೇ ಮಕ್ಕಳನ್ನು ನೋಡಿದಳು. ಇಬ್ಬರೂ ಯಾವಾಗಲೋ ದಿಬ್ಬದ ಒಂದೇ ಮಗ್ಗುಲಿಗೆ ಬಂದು ಕೂತಿದ್ದರು.

"ಇನ್ನೂ ಇಲ್ಲ. ಮತ್ತೆ ಮಣ್ಣು ಮುಚ್ರಿ. ಅರ್ಧ ಗಂಟೆ ಕೂತಿರಿ ಇಬ್ರೂ."

ಅವಳ ತುಟಿಯ ಮೇಲೆ ಬೆಂದು ಹಿಟ್ಟಾದ ಆಲೂಗಡ್ಡೆ ಅಂಟಿತ್ತು. ಫೌಸ್ತೊ ಅದನ್ನು ನೋಡಿದ. ಒಂದು ಸಲಿಕೆ ತಾನು ಹಿಡಿದು, ಇನ್ನೊಂದನ್ನು ತಮ್ಮನ ಕೈಗಿತ್ತ.