ಬಾಡಿಗೆ ಮನೆಯ ನೆರಳು

ಗಂಡ ತೀರಿಕೊಂಡ ಸುದ್ದಿ ಬಂದ ದಿನ ನೀಲವ್ವ ಮನೆಯ ಗೋಡೆಗಳನ್ನೆಲ್ಲ ಹುಡುಕಿದಳು. ಸತ್ತವರ ನೆರಳು ಹನ್ನೊಂದು ದಿನ ತಮಗೆ ಪ್ರಿಯವಾದ ಜಾಗದಲ್ಲಿ ಉಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಗಂಡನ ನೆರಳು ಸಿಕ್ಕಿದ್ದು ಬಾಡಿಗೆಗೆ ಕೊಟ್ಟ ಹಿಂದಿನ ಮನೆಯಲ್ಲಿ, ಒಂಟಿಯಾಗಿದ್ದ ನಿರ್ಮಲಾ ಟೀಚರ ಗೋಡೆಯ ಮೇಲೆ.

“ನಾಳಿಗೇ ಮನಿ ಖಾಲಿ ಮಾಡು,” ಎಂದಳು ನೀಲವ್ವ.

“ಅಕ್ಷರ ಕಲಿಯಾಕ ಬರ್ತಿದ್ರು, ಅವ್ವಾರ. ನಿಮ್ಮ ಹೆಸರು ಬರ್ದು ತೋರಿಸಬೇಕಂತಿದ್ರು.”

“ಅರವತ್ತರಾಗ ಅಕ್ಷರ? ಯಾರ ಕಿವ್ಯಾಗ ಹೂ ಇಡ್ತಿ?”

ನೆರಳಿನ ಬೆರಳು ಗೋಡೆಯ ಮೇಲೆ ‘ನಿ’ ಎಂದು ತೀಡಿ ನಿಂತಿತು. ಅದು ಟೀಚರ ಹೆಸರಿನ ಮೊದಲಕ್ಷರ. ನೀಲವ್ವನ ಮೈ ಉರಿಯಿತು. ಆಗ ಬೆರಳು ತಡವರಿಸುತ್ತ ಪಕ್ಕದಲ್ಲೊಂದು ದೀರ್ಘ ಎಳೆದು ಅದನ್ನು ‘ನೀ’ ಮಾಡಿತು.

“ನೀ ಇಲ್ಲೇ ಇರವ್ವ,” ಎಂದ ನೀಲವ್ವ ಗೋಡೆಗೆ ಕೈಮುಗಿದಳು. “ಶಿವನೇ, ಅವರನ್ನ ನಿನ್ನ ಪಾದದಾಗ ಶಾಂತವಾಗಿ ಇಟ್ಕೊ.”